ಈಜಿಪ್ಟಿಗೆ ಗುಂಪಿನಲ್ಲಿ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಈಜಿಪ್ಟಿಗೆ ಎರಡು ಸಲ ಗುಂಪಿನಲ್ಲಿ ಹೋಗಿದ್ದೇನೆ. ಮೊದಲ ಸಲ ಅಮ್ಮನ ಜೊತೆ, ಒಂದು ಟೂರ್ ಕಂಪನಿಯ ಮೂಲಕ. ಎರಡನೇ ಸಲ ಸಾಗರ, ಶಿವಮೊಗ್ಗ, ಬೆಂಗಳೂರಿನ ನೆಂಟರು, ಸ್ನೇಹಿತರು ಎಲ್ಲ ಸೇರಿ 22 ಜನ. ಬಂದ ಮೇಲೆ ಫೋನ್ ಮಾಡಿ ವಿಚಾರಿಸುವವರು ತುಂಬಾ ಜನ. ಕೇಳುವುದು ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಕೈರೋ, ಗೀಜಾ, ಅಸ್ವಾನ್, ಅಬು ಸಿಂಬೆಲ್, ನೈಲ್ ಕ್ರೂಸ್, ಲಕ್ಸರ್: ಹೆಚ್ಚಿನ ಗುಂಪುಗಳು ಹೋಗುವ ದಾರಿ ಇದು. ಉತ್ತರಗಳೂ ಈ ದಾರಿಗೇ ಸಂಬಂಧಪಟ್ಟವು.

ಯಾವ ತಿಂಗಳಲ್ಲಿ ಹೋಗಬೇಕು?

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ವಾರಗಳವರೆಗೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗೋಣ ಅಂತ ತುಂಬಾ ಜನ ಯೋಚಿಸುತ್ತಾರೆ. ದಯವಿಟ್ಟು ಬೇಡ. ಮೇ ತಿಂಗಳಲ್ಲಿ ಲಕ್ಸರ್, ಅಸ್ವಾನ್‌ನಲ್ಲಿ 40 ಡಿಗ್ರಿ ಮಾಮೂಲು. ನೋಡುವ ಜಾಗಗಳೆಲ್ಲ ಬಯಲು, ಕಲ್ಲು, ಮರಳು. ನೆರಳು ಅನ್ನುವುದು ಕಂಬದ ಹಿಂದೆ ಸಿಕ್ಕಿದಷ್ಟೇ. ಮಾರ್ಚಿನಿಂದ ಮೇವರೆಗೆ ಖಮ್ಸೀನ್ ಅನ್ನುವ ಬಿಸಿ ಗಾಳಿ ಮರಳನ್ನು ಹೊತ್ತುಕೊಂಡು ಬೀಸುವ ದಿನಗಳೂ ಇರುತ್ತವೆ.

ಶಾಲೆಯ ಮಕ್ಕಳಿದ್ದರೆ ದಸರಾ ರಜೆಯೇ ಸರಿ. ಮಧ್ಯಾಹ್ನ ಬಿಸಿಲಿರುತ್ತದೆ, ಆದರೆ ತಡೆದುಕೊಳ್ಳಬಹುದು. ಡಿಸೆಂಬರ್, ಜನವರಿಯಲ್ಲಿ ಹವೆ ತುಂಬಾ ಚೆನ್ನ, ಜನವೂ ಜಾಸ್ತಿ, ದರವೂ ಜಾಸ್ತಿ. ಆಗ ಲಕ್ಸರಿನ ರಾತ್ರಿಗಳು ನಮ್ಮ ಮಡಿಕೇರಿಯ ಚಳಿಯನ್ನೂ ಮೀರಿಸುತ್ತವೆ. ಮರುಭೂಮಿ ಅಂದರೆ ಸೆಖೆ ಅಂದುಕೊಂಡು ಸ್ವೆಟರ್ ಬಿಟ್ಟು ಬಂದವರು ಕ್ರೂಸಿನ ಮೇಲಿನ ಡೆಕ್ಕಿನಲ್ಲಿ ಐದು ನಿಮಿಷ ಕೂರಲಾರದೆ ಕೆಳಗಿಳಿದರು.

ರಂಜಾನ್ ತಿಂಗಳು ಪ್ರತಿ ವರ್ಷ 10–11 ದಿನ ಹಿಂದೆ ಸರಿಯುತ್ತದೆ. 2027ರಲ್ಲಿ ಫೆಬ್ರುವರಿ ಎರಡನೇ ವಾರ ಶುರು. ಆಗ ನೋಡುವ ಜಾಗಗಳು ಬೇಗ ಮುಚ್ಚುತ್ತವೆ, ಹಗಲು ಸಣ್ಣ ಹೋಟೆಲುಗಳು ತೆರೆದಿರುವುದು ಕಡಿಮೆ. ಆದರೆ ಸಂಜೆಯ ಕೈರೋ ನೋಡಲು ಹಬ್ಬ. ಹೋಗಲೇಬಾರದು ಅಂತೇನಿಲ್ಲ, ತಿಳಿದುಕೊಂಡು ಹೋಗಿ.

ಎಷ್ಟು ದಿನ ಬೇಕು?

ಬೆಂಗಳೂರಿನಿಂದ ಹೊರಟು ವಾಪಸ್ ಬರುವವರೆಗೆ 9 ದಿನ ಸಿಕ್ಕರೆ ನೆಮ್ಮದಿ. ಸಾಮಾನ್ಯವಾಗಿ ಗಲ್ಫಿನ ಯಾವುದಾದರೂ ಊರಿನಲ್ಲಿ ವಿಮಾನ ಬದಲಾಯಿಸಿ ಹೋಗಬೇಕು. ಹಾಗಾಗಿ ಹೋಗಲು ಒಂದು ದಿನ, ಬರಲು ಒಂದು ದಿನ ಅಂತಲೇ ಲೆಕ್ಕ ಹಾಕಿ. 6 ದಿನದ ಪ್ಯಾಕೇಜುಗಳಲ್ಲಿ ಬಸ್ಸಿನ ಕಿಟಕಿಯಿಂದ ನೋಡುವುದೇ ಜಾಸ್ತಿ.

ಅಡ್ವಾನ್ಸ್ ಕೊಡುವ ಮುಂಚೆ ಕಂಪನಿಯವರನ್ನು ಏನೇನು ಕೇಳಬೇಕು?

ಇಡೀ ಪ್ರವಾಸ ಹೇಗಾಗುತ್ತದೆ ಅನ್ನುವುದು ಅರ್ಧ ಇಲ್ಲೇ ತೀರ್ಮಾನ ಆಗುತ್ತದೆ. ಅದಕ್ಕೇ ಇದನ್ನು ಉದ್ದವಾಗಿ ಹೇಳುತ್ತೇನೆ.

ನಾನು ಮೊದಲ ಸಲ ಹೋದಾಗ ಕಂಪನಿಯ ಕರಪತ್ರದ ಮುಖಪುಟದಲ್ಲೇ ಅಬು ಸಿಂಬೆಲ್‌ನ ಕಲ್ಲಿನ ದೇವಾಲಯದ ದೊಡ್ಡ ಚಿತ್ರ ಇತ್ತು. ಅಸ್ವಾನ್ ತಲುಪಿದ ರಾತ್ರಿ ಬಸ್ಸಿನಲ್ಲಿ ಕಂಪನಿಯವರು ಮೈಕ್ ಹಿಡಿದು, "ನಾಳೆ ಅಬು ಸಿಂಬೆಲ್‌ಗೆ ಬರುವವರು ಡಾಲರ್ ಕೊಡಿ, ಅದು ಪ್ಯಾಕೇಜಿನಲ್ಲಿ ಇಲ್ಲ" ಅಂದರು. ಕರಪತ್ರದ ಹಿಂದೆ ಸಣ್ಣ ಅಕ್ಷರದಲ್ಲಿ 'ಐಚ್ಛಿಕ' ಅಂತ ಇತ್ತಂತೆ. ಅಷ್ಟು ನಗದು ಕೈಯಲ್ಲಿ ಇಲ್ಲದವರು ಹೋಟೆಲಿನಲ್ಲೇ ಉಳಿದರು. ಅಷ್ಟು ದೂರ ಬಂದು ಅದನ್ನು ನೋಡದೆ ಹೋದ ಒಬ್ಬ ನಿವೃತ್ತ ಮೇಷ್ಟ್ರ ಮುಖ ನನಗೆ ಇನ್ನೂ ನೆನಪಿದೆ.

ಹಾಗಾಗಿ ಪ್ರತಿ ಜಾಗಕ್ಕೂ ಒಂದೇ ಪ್ರಶ್ನೆ ಕೇಳಿ: ಒಳಗೆ ಹೋಗುತ್ತೇವಾ, ಹೊರಗಿನಿಂದ ನೋಡುತ್ತೇವಾ, ಬೇರೆ ದುಡ್ಡು ಕೊಡಬೇಕಾ? ಗೀಜಾದಲ್ಲಿ ಆವರಣದ ಟಿಕೆಟ್ ಬೇರೆ, ಪಿರಮಿಡ್ಡಿನ ಒಳಗೆ ಹೋಗುವ ಟಿಕೆಟ್ ಬೇರೆ. ಲಕ್ಸರಿನ ರಾಜರ ಕಣಿವೆಯಲ್ಲಿ ಸಾಮಾನ್ಯ ಟಿಕೆಟ್ಟಿಗೆ ಮೂರು ಸಮಾಧಿ. ಟುಟಂಖಾಮನ್ ಸಮಾಧಿಗೆ ಬೇರೆ ಟಿಕೆಟ್, ಮೊದಲನೇ ಸೇಟಿಯ ಸಮಾಧಿಗೂ ಬೇರೆ. ಕೈರೋದಲ್ಲಿ ಯಾವ ಮ್ಯೂಸಿಯಂ, ಎಷ್ಟು ಹೊತ್ತು ಅನ್ನುವುದನ್ನೂ ಕೇಳಿ. ಮಮ್ಮಿಗಳ ವಿಷಯ ಕೆಳಗೆ ಬರೆದಿದ್ದೇನೆ.

ಕೈರೋದಿಂದ ಅಸ್ವಾನ್‌ಗೆ ವಿಮಾನವೋ ರಾತ್ರಿ ರೈಲೋ? ವಿಮಾನಕ್ಕೆ ಸುಮಾರು ಒಂದೂವರೆ ಗಂಟೆ. ರೈಲಿಗೆ 12 ಗಂಟೆಯ ಮೇಲೆ. ವಯಸ್ಸಾದವರಿದ್ದರೆ ವಿಮಾನವೇ ಆಗಲಿ. ಕ್ರೂಸ್ ಮೂರು ರಾತ್ರಿಯೋ ನಾಲ್ಕೋ? ರೂಮು ಯಾವ ಮಹಡಿ? ಎಲ್ಲಕ್ಕಿಂತ ಕೆಳಗಿನ ಮಹಡಿಯ ಕಿಟಕಿ ನೀರಿನ ಮಟ್ಟದಲ್ಲೇ ಇರುತ್ತದೆ. ಬಕ್ಷೀಸಿನ ದುಡ್ಡು ಸೇರಿದೆಯೋ ಇಲ್ಲವೋ? ಒಬ್ಬರೇ ಬರುವವರಿಗೆ ಎಷ್ಟು ಜಾಸ್ತಿ? ರದ್ದು ಮಾಡಿದರೆ ಎಷ್ಟು ವಾಪಸ್?

ಇವೆಲ್ಲಕ್ಕೂ ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್ ಮೆಸೇಜ್ ಆದರೂ ಸಾಕು. ಫೋನಿನಲ್ಲಿ "ಎಲ್ಲಾ ಇನ್‌ಕ್ಲೂಡೆಡ್ ಸಾರ್" ಅಂದದ್ದು ಅಸ್ವಾನಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವೀಸಾ ಕಷ್ಟವಾ?

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. ಗುಂಪಿನಲ್ಲಿ ಹೋದರೆ ಸಾಮಾನ್ಯವಾಗಿ ಕಂಪನಿಯವರೇ ಮಾಡಿಸುತ್ತಾರೆ. ನಿಯಮ ಬದಲಾಗುತ್ತಿರುತ್ತದೆ, ಹೋದ ವರ್ಷ ಹೋದವರ ಮಾತಿನ ಮೇಲೆ ನಡೆಯಬೇಡಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಮೇಲೆ ಅವಧಿ ಇರಬೇಕು.

ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ. ತುಂಬಾ ಜನರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಇನ್ನು ಕೆಲವರಿಗೆ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿದೆ, ಇನ್ನೊಂದು ಕಡೆ ಇಲ್ಲ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಟಿಕೆಟ್ ಮಾಡಿಸುವ ಮುಂಚೆ ಪಾಸ್‌ಪೋರ್ಟಿನ ಫೋಟೋ ಕಳಿಸಿ, ಟಿಕೆಟ್ ಬಂದ ದಿನವೇ ಕೂತು ತಾಳೆ ನೋಡಿ.

ಬಿಲ್ಲಿನಲ್ಲಿ ಟಿಸಿಎಸ್ ಅಂತ ಜಾಸ್ತಿ ಹಾಕಿದ್ದಾರೆ. ಮೋಸವಾ?

ಅಲ್ಲ. ವಿದೇಶ ಪ್ರವಾಸದ ಪ್ಯಾಕೇಜಿಗೆ ಜಿಎಸ್‌ಟಿ ಜೊತೆ ಟಿಸಿಎಸ್, ಅಂದರೆ ಮಾರುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಹಿಡಿಯಬೇಕು ಅಂತ ಕಾನೂನೇ ಇದೆ. ಜಿಎಸ್‌ಟಿ ಹೋದದ್ದು ಹೋಯಿತು. ಟಿಸಿಎಸ್ ಮಾತ್ರ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆ ಆಗುತ್ತದೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ಅಪ್ಪ ಅಮ್ಮನ ಹೆಸರಿನಲ್ಲಿ ಬಿಲ್ ಆಗಿದ್ದರೆ ಅವರ ರಿಟರ್ನ್ಸ್ ಸಲ್ಲಿಸಬೇಕು. ಇದನ್ನು ಮರೆತು ದುಡ್ಡು ಬಿಟ್ಟುಕೊಟ್ಟವರು ತುಂಬಾ ಜನ.

ದುಡ್ಡು ಹೇಗೆ ತೆಗೆದುಕೊಂಡು ಹೋಗಬೇಕು?

ಅಮೆರಿಕನ್ ಡಾಲರ್ ನಗದು ಸ್ವಲ್ಪ, ಜೊತೆಗೆ ಒಂದೋ ಎರಡೋ ಕಾರ್ಡ್. ನೋಟುಗಳು ಹರಿಯದೆ, ಗೀಚದೆ ಹೊಸದಾಗಿರಲಿ. ಅಲ್ಲಿನ ಹಣ ಈಜಿಪ್ಷಿಯನ್ ಪೌಂಡ್. 2024ರ ಮಾರ್ಚಿನಲ್ಲಿ ಅದರ ಬೆಲೆ ಒಮ್ಮೆಲೇ ಕುಸಿದು, ಡಾಲರಿಗೆ ಸುಮಾರು 31 ಇದ್ದದ್ದು 50ರ ಹತ್ತಿರ ಹೋಯಿತು. ಅದಕ್ಕಿಂತ ಹಿಂದೆ ಬರೆದ ಲೆಕ್ಕಗಳನ್ನು ನಂಬಬೇಡಿ.

ದೊಡ್ಡ ಜಾಗಗಳ ಟಿಕೆಟ್ ಕೌಂಟರಿನಲ್ಲಿ ಈಗ ಬಹಳ ಕಡೆ ಕಾರ್ಡ್ ಮಾತ್ರ. ಗುಂಪಿನ ಟಿಕೆಟ್ಟನ್ನು ಗೈಡ್ ತೆಗೆಸುತ್ತಾರೆ. ನಿಮಗೆ ಬೇಕಾದ ಹೆಚ್ಚುವರಿ ಸಮಾಧಿಯ ಟಿಕೆಟ್ ಬೇಕಾದರೆ ಕಾರ್ಡ್ ನಿಮ್ಮ ಹತ್ತಿರ ಇರಬೇಕು. ಊರಲ್ಲೇ ಬ್ಯಾಂಕ್ ಆ್ಯಪಿನಲ್ಲಿ ವಿದೇಶದ ಬಳಕೆ ಆನ್ ಮಾಡಿಕೊಳ್ಳಿ.

ಬಕ್ಷೀಸು ಎಷ್ಟು ಕೊಡಬೇಕು?

ನಮ್ಮಲ್ಲೂ ಇರುವ ಪದವೇ. ಅಲ್ಲಿಯೂ 'ಬಕ್ಷೀಶ್'. ಬಸ್ ಡ್ರೈವರ್, ಕ್ರೂಸಿನ ಹುಡುಗರು, ಲಗೇಜ್ ಎತ್ತುವವರು, ಗೈಡ್ ಎಲ್ಲರೂ ನಿರೀಕ್ಷೆ ಇಟ್ಟುಕೊಂಡಿರುತ್ತಾರೆ. ಸಂಬಳ ಕಡಿಮೆ, ಇದೇ ಅವರ ಮನೆ ನಡೆಸುವುದು. ಗುಂಪಿನಿಂದ ಮೊದಲೇ ಒಟ್ಟಿಗೆ ಸಂಗ್ರಹಿಸಿ ಒಬ್ಬರ ಕೈಗೆ ಕೊಡುವುದು ಉತ್ತಮ. ಪ್ರತಿಯೊಬ್ಬರೂ ಪ್ರತಿ ಸಲ ಜೇಬು ತಡಕುವ ಕಷ್ಟ ತಪ್ಪುತ್ತದೆ.

ಇನ್ನೊಂದು ರೀತಿಯ ಬಕ್ಷೀಸು ಇದೆ. ದೇವಾಲಯದ ಒಳಗೆ ಕಾವಲುಗಾರ ಬಂದು "ಇಲ್ಲಿ ಬನ್ನಿ, ಒಳ್ಳೆ ಫೋಟೋ" ಅಂತ ಕೈಸನ್ನೆ ಮಾಡುತ್ತಾರೆ. ಹೋದರೆ ಕೊಡಬೇಕು. ಬೇಡದಿದ್ದರೆ "ಲಾ, ಶುಕ್ರನ್" ಅಂತ ಹೇಳಿ ನಗುತ್ತಾ ಮುಂದೆ ಹೋಗಿ. ದೊಡ್ಡ ನೋಟುಗಳನ್ನು ಮೊದಲ ದಿನವೇ ಹೋಟೆಲಿನಲ್ಲಿ ಚಿಲ್ಲರೆ ಮಾಡಿಸಿಕೊಳ್ಳಿ. ಟಾಯ್ಲೆಟ್ಟಿಗೂ ಅದೇ ಬೇಕು.

ಅಮ್ಮನಿಗೆ ಮಂಡಿನೋವು. ಕರೆದುಕೊಂಡು ಹೋಗಬಹುದಾ?

ಹೋಗಬಹುದು. ನನ್ನ ಅಮ್ಮನಿಗೆ ಆಗ 68, ಎರಡೂ ಮಂಡಿ ನೋವು. ಅವರು ಬಂದರು, ನೋಡಿದರು, ಖುಷಿಪಟ್ಟರು. ಆದರೆ ಎರಡು ತಿಂಗಳ ಮುಂಚಿನಿಂದ ತಯಾರಿ ಮಾಡಿದೆವು. ದಿನಾ ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಆಮೇಲೆ ಮುಕ್ಕಾಲು ಗಂಟೆ. ಬರೀ ಸಮತಟ್ಟು ರಸ್ತೆ ಅಲ್ಲ, ಮಣ್ಣು, ಮರಳು, ಮೆಟ್ಟಿಲು. ಹೊಸ ಬೂಟನ್ನು ಆ ಎರಡು ತಿಂಗಳೂ ಹಾಕಿಕೊಂಡು ನಡೆದರು. ಹೊರಡುವ ವಾರ ಹೊಸ ಬೂಟು ತೆಗೆದುಕೊಂಡ ಒಬ್ಬರಿಗೆ ಲಕ್ಸರಿನ ಕರ್ನಾಕ್ ದೇವಾಲಯದಲ್ಲಿ ಹಿಮ್ಮಡಿ ಬೊಬ್ಬೆ ಎದ್ದು ಉಳಿದ ದಿನವೆಲ್ಲ ಬಸ್ಸಿನಲ್ಲೇ ಕೂರಬೇಕಾಯಿತು.

ಕಷ್ಟ ಎಲ್ಲಿ ಅಂದರೆ: ಕ್ರೂಸಿಗೆ ಹತ್ತುವ ಹಲಗೆ, ದಡದಿಂದ ರಸ್ತೆಗೆ ಏರುವ ಮೆಟ್ಟಿಲು, ರಾಜರ ಕಣಿವೆಯ ಸಮಾಧಿಗಳ ಇಳಿಜಾರು, ಅಸ್ವಾನಿನ ಫಿಲೇ ದೇವಾಲಯದ ದ್ವೀಪಕ್ಕೆ ಹೋಗುವ ಸಣ್ಣ ದೋಣಿ ಹತ್ತುವುದು, ಇಳಿಯುವುದು. ಸುಲಭ ಎಲ್ಲಿ ಅಂದರೆ: ಕರ್ನಾಕ್, ಲಕ್ಸರ್ ದೇವಾಲಯ, ಮ್ಯೂಸಿಯಂಗಳು. ಒಂದು ಮಡಚುವ ಊರುಗೋಲು ಕೊಂಡುಕೊಳ್ಳಿ. ವಿಮಾನದಲ್ಲಿ ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಹೇಳಿ, ನಾಚಿಕೆ ಬೇಡ.

ಎಲ್ಲ ಕಡೆಗೂ ಇಳಿಯಲೇಬೇಕು ಅಂತಲೂ ಇಲ್ಲ. ಅಮ್ಮ ಒಂದು ಸಮಾಧಿ ನೋಡಿ ಹೊರಗೆ ನೆರಳಿನಲ್ಲಿ ಕೂತರು. "ಆ ಒಂದನ್ನೇ ಕಣ್ಣು ತುಂಬಾ ನೋಡಿದೆ ಬಿಡು" ಅಂದರು. ಮೂರು ಸಮಾಧಿಗೆ ಓಡಿದ ನನಗೆ ಯಾವ ಗೋಡೆಯಲ್ಲಿ ಏನಿತ್ತು ಅಂತ ಈಗ ಕಲಸಿಹೋಗಿದೆ.

ಪಿರಮಿಡ್ಡಿನ ಒಳಗೆ ಹೋಗಲೇಬೇಕಾ?

ರಾಜ ಖುಫುವಿನ ದೊಡ್ಡ ಪಿರಮಿಡ್ಡಿನ ಒಳದಾರಿ ಒಂದು ಕಡೆ ಸುಮಾರು 1.2 ಮೀಟರ್ ಎತ್ತರ ಅಷ್ಟೇ. ಬಗ್ಗಿಕೊಂಡು ಏರಬೇಕು. ಎದುರಿನಿಂದ ಇಳಿಯುವವರೂ ಅದೇ ದಾರಿಯಲ್ಲಿ ಬರುತ್ತಾರೆ. ಒಳಗೆ ಸೆಖೆ. ಮೇಲೆ ಹೋದರೆ ಗ್ರಾನೈಟ್ ಕೋಣೆ, ಖಾಲಿ ಕಲ್ಲಿನ ಪೆಟ್ಟಿಗೆ. ಗೋಡೆಯಲ್ಲಿ ಚಿತ್ರ, ಬರಹ ಒಂದೂ ಇಲ್ಲ. ಉಬ್ಬಸ, ಹೃದಯದ ತೊಂದರೆ, ಮಂಡಿನೋವು, ಇಕ್ಕಟ್ಟಿನ ಹೆದರಿಕೆ ಇರುವವರು ಬಿಡಿ. ಉಳಿದವರು ಹೋಗಿ. 4,500 ವರ್ಷದ ಹಿಂದೆ ಜೋಡಿಸಿದ ಕಲ್ಲಿನ ಮಧ್ಯೆ ನಿಂತಾಗ ಬರುವ ಮೌನ ಬೇರೆಲ್ಲೂ ಸಿಗುವುದಿಲ್ಲ. ಬಣ್ಣದ ಚಿತ್ರ ಬೇಕಾದರೆ ಲಕ್ಸರಿನ ಸಮಾಧಿಗಳಿವೆ.

ಹೊರಗೆ ಒಂಟೆ ಹತ್ತುವವರು, ಹತ್ತುವುದಕ್ಕೂ ಇಳಿಯುವುದಕ್ಕೂ ಸೇರಿಸಿ ಬೆಲೆ ಮಾತಾಡಿ. ಇಳಿಸಲು ಬೇರೆ ಕೇಳುವವರು ಇದ್ದಾರೆ.

ಮಾತ್ರೆಗಳನ್ನು ತೆಗೆದುಕೊಂಡು ಹೋಗಬಹುದಾ?

ಇದನ್ನು ಎರಡು ಸಲ ಓದಿ. ಟ್ರಮಡಾಲ್ ಅನ್ನುವ ನೋವಿನ ಔಷಧಿ ಈಜಿಪ್ಟಿನಲ್ಲಿ ಮಾದಕ ವಸ್ತುವಿನ ಲೆಕ್ಕ. 2017ರಲ್ಲಿ ಬ್ರಿಟನ್ನಿನ ಒಬ್ಬ ಮಹಿಳೆ ಸುಮಾರು 290 ಮಾತ್ರೆ ತಂದದ್ದಕ್ಕೆ ಹುರ್ಘಾದಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ಮೂರು ವರ್ಷ ಜೈಲು ಶಿಕ್ಷೆಗೆ ಒಳಗಾದರು. ನಮ್ಮಲ್ಲಿ ಮಂಡಿ, ಬೆನ್ನು ನೋವಿಗೆ ಕೊಡುವ ಅಲ್ಟ್ರಾಸೆಟ್‌ನಂಥ ಮಾತ್ರೆಯಲ್ಲಿ ಇದೇ ಟ್ರಮಡಾಲ್ ಇರುತ್ತದೆ. ಎಷ್ಟು ಮನೆಗಳ ಔಷಧಿ ಡಬ್ಬಿಯಲ್ಲಿ ಅರ್ಧ ಸ್ಟ್ರಿಪ್ ಬಿದ್ದಿರುತ್ತದೆ, ಅಲ್ವಾ? ಸುಮ್ನೆ ಡಬ್ಬಿಯನ್ನೇ ಎತ್ತಿ ಬ್ಯಾಗಿಗೆ ಹಾಕಬೇಡಿ. ಪ್ರತಿ ಸ್ಟ್ರಿಪ್ಪಿನ ಹಿಂದೆ ಬರೆದದ್ದು ಓದಿ. ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ನಿದ್ದೆ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನೂ ಈಜಿಪ್ಟಿನ ರಾಯಭಾರ ಕಚೇರಿಯನ್ನೂ ಮೊದಲೇ ಕೇಳಿ.

ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆಗಳಿಗೆ ತೊಂದರೆ ಇಲ್ಲ. ಸ್ಟ್ರಿಪ್ಪಿನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ. ಡಾಕ್ಟರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಲಿ. ಕೈಬ್ಯಾಗಿನಲ್ಲಿ ಇಟ್ಟುಕೊಳ್ಳಿ, ನಾಲ್ಕು ದಿನಕ್ಕೆ ಹೆಚ್ಚಿಗೆ ಇರಲಿ. ಹೊಟ್ಟೆ ಕೆಡುವುದು ಅಲ್ಲಿ ಸಾಮಾನ್ಯ, ಓಆರ್‌ಎಸ್ ಪೊಟ್ಟಣ ಒಬ್ಬೊಬ್ಬರಿಗೂ ಏಳೆಂಟು. ನೀರು ಬಾಟಲಿಯದೇ. ಕತ್ತರಿಸಿಟ್ಟ ಹಣ್ಣು, ಹಸಿ ಸಲಾಡ್ ಬೇಡ.

ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಆಸ್ಪತ್ರೆಯ ಬಿಲ್ ಬಂದಾಗ ಅದೇ ಕಾರಣಕ್ಕೆ ಕೈಬಿಡುತ್ತಾರೆ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಹೆದರಬೇಡಿ. ಈಜಿಪ್ಟಿನ ಬಡವರ ಊಟವೇ ಸಸ್ಯಾಹಾರ. ಬೆಳಿಗ್ಗೆ ಬೀದಿಬೀದಿಯಲ್ಲಿ 'ಫೂಲ್': ದೊಡ್ಡ ಅವರೆಯಂಥ ಕಾಳನ್ನು ರಾತ್ರಿಯಿಡೀ ಬೇಯಿಸಿ, ಎಣ್ಣೆ, ನಿಂಬೆ, ಜೀರಿಗೆ ಹಾಕಿದ್ದು. ಅದೇ ಕಾಳಿನಿಂದ ಮಾಡಿದ ಕರಿದ 'ತಾಮಿಯಾ' ನಮ್ಮ ಮಸಾಲೆ ವಡೆಯ ನೆಂಟ. ಜೊತೆಗೆ 'ಐಶ್', ಅಂದರೆ ಅವರ ಗೋಧಿ ರೊಟ್ಟಿ. ಐಶ್ ಅಂದರೆ ಬದುಕು ಅಂತಲೂ ಅರ್ಥ. ಮಧ್ಯಾಹ್ನಕ್ಕೆ 'ಕೋಶರಿ' ಕೇಳಿ. ಅನ್ನ, ಮಸೂರ ಬೇಳೆ, ಮೆಕರೋನಿ, ಕಡಲೆಕಾಳು, ಮೇಲೆ ಟೊಮೆಟೊ ಸಾರು, ಕರಿದ ಈರುಳ್ಳಿ. ನಮ್ಮ ಗುಂಪಿನವರು ಗೈಡಿಗೆ ಹಟ ಮಾಡಿ ಎರಡು ಸಲ ಕೋಶರಿ ಅಂಗಡಿಗೆ ಹೋದೆವು.

ಮೋಸ ಹೋಗುವುದು ಸೂಪಿನಲ್ಲಿ. 'ಮೊಲೊಖಿಯಾ' ಅನ್ನುವ ಸೊಪ್ಪಿನ ಸಾರು ನೋಡಲು ನಮ್ಮ ಬಸಳೆ ಸಾರಿನ ಹಾಗೆ ಇರುತ್ತದೆ, ಆದರೆ ಸಾಮಾನ್ಯವಾಗಿ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಹೋಟೆಲಿನ ಬೇಳೆ ಸೂಪಿಗೂ ಕೆಲವೊಮ್ಮೆ ಅದೇ ನೀರು. ಕೇಳಿಯೇ ಹಾಕಿಸಿಕೊಳ್ಳಿ.

ನಿಮಗೆ ತುಂಬಾ ಉಪಯೋಗ ಆಗುವ ಒಂದು ಪದ 'ಸಿಯಾಮಿ'. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಉಪವಾಸದ ವ್ರತ ಹಿಡಿಯುತ್ತಾರೆ. ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆ ಊಟಕ್ಕೆ ಸಿಯಾಮಿ ಅನ್ನುತ್ತಾರೆ. 'ವೆಜಿಟೇರಿಯನ್' ಅಂದರೆ ಅರ್ಥವಾಗದ ಅಡುಗೆಯವರಿಗೂ ಸಿಯಾಮಿ ಅಂದರೆ ತಟ್ಟನೆ ಅರ್ಥ ಆಗುತ್ತದೆ. ಕೆಲವು ವ್ರತಗಳಲ್ಲಿ ಮೀನು ನಡೆಯುತ್ತದೆ, ಹಾಗಾಗಿ "ಮೀನೂ ಬೇಡ" ಅಂತ ಸೇರಿಸಿ: "ಮಿನ್ ಘೇರ್ ಸಮಕ್". ನಮ್ಮ ಕ್ರೂಸಿನ ಅಡುಗೆಯವರು ಈ ಒಂದು ಪದ ಕೇಳಿದ ಮೇಲೆ ದಿನಾ ಎರಡು ಪಲ್ಯ ಬೇರೆ ಮಾಡಿಕೊಟ್ಟರು.

ಮೊಸರನ್ನ ಇಲ್ಲದೆ ನಿದ್ದೆ ಬರದವರಿಗೆ: ಅಂಗಡಿಯಲ್ಲಿ 'ಜಬಾದಿ' ಅಂತ ಕೇಳಿ, ಸಪ್ಪೆ ಗಟ್ಟಿ ಮೊಸರು ಸಿಗುತ್ತದೆ. ಅವರ ಅಕ್ಕಿ ಮೋಟುಕಾಳು, ಅನ್ನ ಸ್ವಲ್ಪ ಅಂಟು. ಮೊಸರನ್ನಕ್ಕೆ ಅದಕ್ಕಿಂತ ಒಳ್ಳೆಯದು ಬೇಕಾ! ಕುಡಿಯಲು 'ಕರ್ಕಡೆ' ಬಿಡಬೇಡಿ. ನಮ್ಮ ಪುಂಡಿ ಸೊಪ್ಪಿನ ಜಾತಿಯ ಗಿಡದ ಕೆಂಪು ಹೂವಿನಿಂದ ಮಾಡಿದ ಹುಳಿ-ಸಿಹಿ ಪಾನಕ.

ಊರಿಂದ ತಿಂಡಿ ತೆಗೆದುಕೊಂಡು ಹೋಗಬಹುದಾ?

ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ, ಖಾಖ್ರಾ ಎಲ್ಲ ಆಗುತ್ತದೆ. ಉಪ್ಪಿನಕಾಯಿ ಕೈಬ್ಯಾಗಿನಲ್ಲಿ ಬೇಡ, ಎಣ್ಣೆ ಇರುವುದರಿಂದ ತಡೆಯಬಹುದು. ಮುಖ್ಯವಾಗಿ ಗಸಗಸೆ ಬೇಡ. ದುಬೈ, ಅಬುಧಾಬಿ ಇರುವ ಯುಎಇಯಲ್ಲಿ ಗಸಗಸೆಗೆ ನಿಷೇಧ ಇದೆ. ವಿಮಾನ ಬದಲಾಯಿಸುವುದು ಅಲ್ಲೇ ಆದರೆ ಮಸಾಲೆಪುಡಿ, ಅಂಟಿನುಂಡೆಯಲ್ಲಿ ಗಸಗಸೆ ಇದೆಯಾ ಅಂತ ಅಜ್ಜಿಯನ್ನು ಕೇಳಿ ನೋಡಿ.

ನೈಲ್ ನದಿಯಲ್ಲಿ ಸ್ನಾನ ಮಾಡಬಹುದಾ?

ಬೇಡ. ನಮಗೆ ನದಿ ಕಂಡರೆ ಇಳಿದು ಕಾಲು ತೊಳೆದು ತಲೆಗೆ ನೀರು ಚಿಮುಕಿಸಿಕೊಳ್ಳುವ ಅಭ್ಯಾಸ. ನನ್ನ ಅಮ್ಮನೂ ಇಳಿಯಲು ಹೊರಟಿದ್ದರು. ನೈಲಿನ ನೀರಿನಲ್ಲಿ ಬಿಲ್ಹಾರ್ಜಿಯಾ ಅನ್ನುವ ಕಾಯಿಲೆ ತರುವ ಹುಳು ಇರಬಹುದು. ಬಸವನಹುಳುವಿನಲ್ಲಿ ಬೆಳೆದು ನೀರಿಗೆ ಬರುತ್ತದೆ, ಚರ್ಮದ ಮೂಲಕವೇ ಮೈಯೊಳಗೆ ಹೋಗುತ್ತದೆ. 1851ರಲ್ಲಿ ಕೈರೋದಲ್ಲೇ ಇದನ್ನು ಕಂಡುಹಿಡಿದ ಜರ್ಮನ್ ವೈದ್ಯ ಥಿಯೋಡರ್ ಬಿಲ್ಹಾರ್ಜ್ ಅವರಿಂದ ಈ ಹೆಸರು. ಡೆಕ್ಕಿನಿಂದಲೇ ಕೈಮುಗಿಯಿರಿ.

ಕ್ರೂಸ್ ಅಂದರೆ ಹೇಗಿರುತ್ತದೆ? ವಾಂತಿ ಬರುತ್ತದಾ?

ಇಲ್ಲ, ನದಿ ಶಾಂತ. ತೇಲುವ ಹೋಟೆಲ್ ಅಂದುಕೊಳ್ಳಿ. ಲಕ್ಸರ್ ಮತ್ತು ಅಸ್ವಾನ್ ನಡುವೆ ಓಡಾಡುತ್ತದೆ. ಮಧ್ಯೆ ಕೋಮ್ ಓಂಬೋ, ಎಡ್ಫು ದೇವಾಲಯಗಳು, ಎಸ್ನಾದಲ್ಲಿ ಹಡಗನ್ನು ಏರಿಸಿ ಇಳಿಸುವ ನೀರಿನ ಬಾಗಿಲು. ದಡದಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ಹಾಗಾಗಿ ಕಿಟಕಿ ತೆರೆದರೆ ಪಕ್ಕದ ಹಡಗಿನ ಕಿಟಕಿ ಕಾಣಬಹುದು, ದಡಕ್ಕೆ ಹೋಗಲು ಮೂರು ನಾಲ್ಕು ಹಡಗಿನ ಒಳಗಿನಿಂದ ದಾಟಬೇಕು. ನಿಮ್ಮ ಹಡಗಿನ ಹೆಸರು ಬರೆದುಕೊಂಡಿರಿ.

ಹಡಗು ಚಲಿಸುವ ಹೊತ್ತಿನಲ್ಲಿ ರೂಮಿನಲ್ಲಿ ಮಲಗಬೇಡಿ. ಎರಡೂ ದಡದಲ್ಲಿ ಹಸಿರಿನ ಒಂದು ಪಟ್ಟಿ, ಅದರಾಚೆ ತಟ್ಟನೆ ಮರಳುಗುಡ್ಡ. ಖರ್ಜೂರದ ಮರ, ಕಬ್ಬಿನ ಗದ್ದೆ, ನೀರಿಗೆ ಇಳಿದ ಎಮ್ಮೆ. ಮಂಡ್ಯದ ಒಬ್ಬ ಸ್ನೇಹಿತರು ಕಬ್ಬು ನೋಡಿ ಎದ್ದು ನಿಂತುಬಿಟ್ಟರು.

ಎಡ್ಫುವಿನಲ್ಲಿ ಕುದುರೆಗಾಡಿಯಲ್ಲಿ ದೇವಾಲಯಕ್ಕೆ ಕರೆದೊಯ್ಯುತ್ತಾರೆ. ಎಷ್ಟೋ ಕುದುರೆಗಳ ಸ್ಥಿತಿ ನೋಡಲಾಗದು. ಬೇರೆ ವಾಹನ ಮಾಡಿಕೊಡಿ ಅಂತ ನಾವು ಮೊದಲೇ ಕೇಳಿದೆವು, ಮಾಡಿಕೊಟ್ಟರು.

ಅಬು ಸಿಂಬೆಲ್‌ಗೆ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಂತೆ. ಅಷ್ಟು ಕಷ್ಟಪಡಬೇಕಾ?

ಪಡಿ. ಅಸ್ವಾನಿನಿಂದ ಸುಮಾರು 280 ಕಿಲೋಮೀಟರ್, ಹೋಗಲು ಮೂರೂವರೆ ಗಂಟೆ, ಬರಲು ಅಷ್ಟೇ. ತಿಂಡಿಯನ್ನು ಡಬ್ಬಿಯಲ್ಲಿ ಕೊಡುತ್ತಾರೆ, ಅದರಲ್ಲಿ ಸಸ್ಯಾಹಾರಿಗೆ ಬ್ರೆಡ್ಡು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಹಿಂದಿನ ರಾತ್ರಿಯೇ ಅವಲಕ್ಕಿ ತಯಾರಿಟ್ಟುಕೊಳ್ಳಿ.

ಅಸ್ವಾನ್ ದೊಡ್ಡ ಅಣೆಕಟ್ಟು ಕಟ್ಟುವಾಗ ಈ ದೇವಾಲಯ ಮುಳುಗುತ್ತಿತ್ತು. ಯುನೆಸ್ಕೋ ನೇತೃತ್ವದಲ್ಲಿ 1964ರಿಂದ 1968ರವರೆಗೆ ಇಡೀ ದೇವಾಲಯವನ್ನು ತುಂಡುತುಂಡಾಗಿ ಕೊಯ್ದು, ಸುಮಾರು 65 ಮೀಟರ್ ಮೇಲೆ ತಂದು ಮತ್ತೆ ಜೋಡಿಸಿದರು. ರಾಜ ಎರಡನೇ ರಾಮ್ಸೆಸ್‌ನ ನಾಲ್ಕು ಮೂರ್ತಿಗಳ ಎದುರು ನಿಂತು ಇದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಪ್ರತಿ ವರ್ಷ ಫೆಬ್ರುವರಿ 22 ಮತ್ತು ಅಕ್ಟೋಬರ್ 22ರ ಬೆಳಿಗ್ಗೆ ಸೂರ್ಯನ ಬೆಳಕು ಗರ್ಭಗುಡಿಯವರೆಗೆ ಹೋಗುತ್ತದೆ. ಒಳಗಿನ ನಾಲ್ಕು ಮೂರ್ತಿಗಳಲ್ಲಿ ಕತ್ತಲಿನ ನಂಟಿರುವ ಪ್ತಾಹ್ ದೇವರು ಮಾತ್ರ ನೆರಳಲ್ಲೇ ಉಳಿಯುತ್ತಾನೆ. ಸಂಕ್ರಾಂತಿಯಂದು ಬೆಂಗಳೂರಿನ ಗವಿ ಗಂಗಾಧರೇಶ್ವರನ ಮೇಲೆ ಬಿಸಿಲು ಬೀಳುವುದನ್ನು ನೋಡಿದವರಿಗೆ ಇದು ಬೇಗ ಮನಸ್ಸಿಗೆ ತಟ್ಟುತ್ತದೆ. ಆ ದಿನಗಳಲ್ಲಿ ವಿಪರೀತ ಜನ, ಮುದುಕರಿಗೆ ಬೇಡ.

ಕಲ್ಲಿನ ದೇವರನ್ನು ಮೇಲಕ್ಕೆತ್ತಿದರು. ಊರುಗಳನ್ನು ಎತ್ತಲಿಲ್ಲ. 1963–64ರಲ್ಲಿ ಅದೇ ಅಣೆಕಟ್ಟಿಗೆ ಮುಳುಗಿದ ನೂಬಿಯಾ ಸೀಮೆಯ ಸಾವಿರಾರು ಕುಟುಂಬಗಳನ್ನು ಕೋಮ್ ಓಂಬೋ ಕಡೆಗೆ ಸಾಗಿಸಿದರು. ಅದೇ 1964ರಲ್ಲಿ ನಮ್ಮ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ನಮ್ಮ ಗುಂಪಿನಲ್ಲಿ ಇಬ್ಬರು ಆ ಮುಳುಗಡೆಯ ಮನೆತನದವರು. ಅಸ್ವಾನಿನ ನೂಬಿಯನ್ ಹಳ್ಳಿಗೆ ಹೋದಾಗ ಒಬ್ಬ ಅಜ್ಜಿ ನೀರಿನ ಕಡೆ ಕೈ ತೋರಿಸಿ ಏನೋ ಹೇಳಿದರು. ಗೈಡ್ ಅನುವಾದ ಮಾಡುವ ಮುಂಚೆಯೇ ಆ ಇಬ್ಬರ ಕಣ್ಣಲ್ಲಿ ನೀರಿತ್ತು. ಆ ಹಳ್ಳಿಗೆ ಹೋದಾಗ ಬರೀ ಬಣ್ಣದ ಗೋಡೆಯ ಮುಂದೆ ಫೋಟೋ ತೆಗೆದು ಬರಬೇಡಿ. ಅವರ ಜೊತೆ ಕೂತು ಒಂದು ಚಹಾ ಕುಡಿಯಿರಿ.

ಮಮ್ಮಿಗಳನ್ನು ಎಲ್ಲಿ ನೋಡಬಹುದು?

ಕೈರೋದಲ್ಲಿ ಮುಖ್ಯವಾಗಿ ಮೂರು ಮ್ಯೂಸಿಯಂ ಇವೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ತಹ್ರೀರ್ ಚೌಕದ ಹಳೆಯದು 1902ರದ್ದು. ಗೀಜಾದ ಪಿರಮಿಡ್ಡುಗಳ ಹತ್ತಿರ ಇರುವ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರಿನಲ್ಲಿ ಪೂರ್ತಿ ತೆರೆಯಿತು, ಟುಟಂಖಾಮನ್‌ನ ನಿಧಿ ಎಲ್ಲ ಅಲ್ಲಿದೆ. ರಾಜರಾಣಿಯರ 22 ಮಮ್ಮಿಗಳನ್ನು 2021ರ ಏಪ್ರಿಲ್‌ನಲ್ಲಿ ಮೆರವಣಿಗೆ ಮಾಡಿ ಫುಸ್ತಾತ್‌ನ ನಾಗರಿಕತೆಯ ಮ್ಯೂಸಿಯಂಗೆ ತಂದರು. ಅದು ನಿಮ್ಮ ಕಾರ್ಯಕ್ರಮದಲ್ಲಿ ಇದೆಯಾ ನೋಡಿಕೊಳ್ಳಿ. ಟುಟಂಖಾಮನ್‌ನ ಮಮ್ಮಿ ಮಾತ್ರ ಲಕ್ಸರಿನಲ್ಲಿ ಅವನ ಸಮಾಧಿಯಲ್ಲೇ ಇದೆ.

ಬಲೂನ್ ಹತ್ತಬಹುದಾ?

ಲಕ್ಸರಿನಲ್ಲಿ ಸೂರ್ಯೋದಯದ ಹೊತ್ತಿಗೆ ಹಾರಿಸುತ್ತಾರೆ. ತುಂಬಾ ಚಂದ. ಆದರೆ 2013ರ ಫೆಬ್ರುವರಿಯಲ್ಲಿ ಅಲ್ಲೇ ಬಲೂನ್ ಬೆಂಕಿ ಹತ್ತಿ 19 ಜನ ಸತ್ತರು ಅನ್ನುವುದನ್ನೂ ತಿಳಿದಿರಿ. ನಿಮ್ಮ ವಿಮೆ ಇದಕ್ಕೆ ಅನ್ವಯಿಸುತ್ತದಾ ಅಂತ ಓದಿ. ಗಾಳಿ ಜಾಸ್ತಿ ಇದ್ದರೆ ರದ್ದಾಗುತ್ತದೆ. ಲಕ್ಸರಿನಲ್ಲಿ ಎರಡು ಬೆಳಗು ಇದ್ದರೆ ಮೊದಲನೆಯದಕ್ಕೇ ಇಟ್ಟುಕೊಳ್ಳಿ.

ಯಾವ ಬಟ್ಟೆ? ಹೆಂಗಸರಿಗೆ ಸುರಕ್ಷಿತವಾ?

ಮೈ ಮುಚ್ಚುವ ಸಡಿಲ ಹತ್ತಿ ಬಟ್ಟೆ. ಚೂಡಿದಾರ್ ಎಲ್ಲಕ್ಕಿಂತ ಅನುಕೂಲ. ಸೀರೆ ಉಟ್ಟರೆ ಫೋಟೋಗೆ ಕರೆಯುವವರು ಜಾಸ್ತಿ, ಆದರೆ ದೋಣಿ ಹತ್ತಲು ಕಷ್ಟ. ಮಸೀದಿಗೆ ತಲೆವಸ್ತ್ರ ಬೇಕು, ಚಪ್ಪಲಿ ಬಿಡಬೇಕು. ಟೋಪಿ, ತಂಪು ಕನ್ನಡಕ ಮರೆಯಬೇಡಿ.

ಪ್ರವಾಸಿಗಳ ದಾರಿಯಲ್ಲಿ ಎಲ್ಲೆಲ್ಲೂ ಪೊಲೀಸರು ಇರುತ್ತಾರೆ. ಪ್ರವಾಸಿ ಪೊಲೀಸ್ ಸಂಖ್ಯೆ 126. ಮಾರುಕಟ್ಟೆಯಲ್ಲಿ ಹಿಂದೆ ಬಿದ್ದು ಕರೆಯುವುದು, ಹುಡುಗಿಯರನ್ನು ನೋಡಿ ಮಾತು ಬಿಡುವುದು ಇದೆ. ಉತ್ತರ ಕೊಡದೆ ನಡೆಯಿರಿ, ಸಂಜೆ ಇಬ್ಬರು ಮೂವರು ಜೊತೆಯಾಗಿ ಹೋಗಿ. ಭಾರತದವರು ಅಂತ ಗೊತ್ತಾದರೆ "ಅಮಿತಾಭ್ ಬಚ್ಚನ್!" ಅಂತ ಕೂಗುವುದು ಪ್ರೀತಿಯಿಂದ. ಅದಕ್ಕೆ ನಕ್ಕುಬಿಡಿ.

ಫೋನ್, ಚಾರ್ಜರ್, ಕ್ಯಾಮೆರಾ?

ಎರಡು ದುಂಡು ಕಡ್ಡಿಯ ನಮ್ಮ ಮೊಬೈಲ್ ಚಾರ್ಜರ್ ಅಲ್ಲಿ ನೇರ ಹಿಡಿಯುತ್ತದೆ, 220 ವೋಲ್ಟೇ. ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು. ಸಿಮ್ಮಿಗೆ ಪಾಸ್‌ಪೋರ್ಟ್ ಕೇಳುತ್ತಾರೆ. ವಾಟ್ಸಾಪ್ ಕರೆ ಕೆಲವೊಮ್ಮೆ ಕೈಕೊಡುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಅವರ ಬೇಸಿಗೆಯಲ್ಲಿ ಎರಡೂವರೆ. ಡ್ರೋನ್ ತೆಗೆದುಕೊಂಡು ಹೋಗಲೇಬೇಡಿ. ಪೊಲೀಸ್, ಸೈನಿಕರು, ಚೆಕ್‌ಪೋಸ್ಟ್ ಫೋಟೋ ಬೇಡ. ಸಮಾಧಿಗಳಲ್ಲಿ ಫ್ಲ್ಯಾಶ್ ಬೇಡ.

ಟಾಯ್ಲೆಟ್ ಹೇಗಿರುತ್ತದೆ?

ನಮಗೆ ಒಳ್ಳೆ ಸುದ್ದಿ: ಅವರೂ ನೀರು ಬಳಸುವವರು. ಕಮೋಡಿನಲ್ಲೇ ಸಣ್ಣ ನಳಿಕೆ ಇರುತ್ತದೆ, ಪಕ್ಕದಲ್ಲಿ ತಿರುಗಿಸುವ ನಲ್ಲಿ. ಹೊರಗೆ ಹೋಗುವಾಗ ಟಿಶ್ಯೂ, ಚಿಲ್ಲರೆ ಇರಲಿ.

ಅಂಗಡಿಗಳಿಗೆ ಕರೆದೊಯ್ಯುತ್ತಾರಂತೆ?

ಪಪೈರಸ್, ಅತ್ತರು, ಕಲ್ಲಿನ ಹೂಜಿ, ಕಾರ್ಪೆಟ್. ತಯಾರಿಸುವುದನ್ನು ತೋರಿಸುತ್ತಾರೆ, ಕೊಳ್ಳುವುದು ಕಡ್ಡಾಯ ಅಲ್ಲ. ಬೀದಿಯಲ್ಲಿ ಮಾರುವ 'ಪಪೈರಸ್' ಎಷ್ಟೋ ಸಲ ಬಾಳೆ ಎಲೆಯದು. ಹೆಚ್ಚು ಅಂಗಡಿ ಬೇಡ ಅಂತ ಇಡೀ ಗುಂಪು ಒಟ್ಟಾಗಿ ಮೊದಲ ದಿನವೇ ಗೈಡಿಗೆ ಹೇಳಿದರೆ ನೋಡುವುದಕ್ಕೆ ಸಮಯ ಉಳಿಯುತ್ತದೆ.

ಅರಬ್ಬಿ ಬರುವುದಿಲ್ಲ. ಏನು ಮಾಡುವುದು?

ನಿಮಗೆ ಗೊತ್ತಿರುವ ಅರಬ್ಬಿ ಪದಗಳು ಈಗಲೇ ಇವೆ. ಕುರ್ಚಿ ಅಲ್ಲಿ ಕುರ್ಸಿ. ಸಾಬೂನು ಸಾಬೂನ್. ತಾರೀಖು ತಾರೀಖ್. ಊಟ ಮುಗಿಸಿ "ಇಲ್ ಹಿಸಾಬ್" ಅಂದರೆ ಬಿಲ್ ಬರುತ್ತದೆ. ಶುಕ್ರನ್ ಅಂದರೆ ಥ್ಯಾಂಕ್ಸ್, ಬಿಕಾಮ್ ಅಂದರೆ ಎಷ್ಟು, ಮಯ್ಯಾ ಅಂದರೆ ನೀರು. ಐದು ಬೆರಳು ಜೋಡಿಸಿ ಮೇಲಕ್ಕೆ ಹಿಡಿದರೆ ಬೈಗುಳ ಅಲ್ಲ, ಸ್ವಲ್ಪ ತಾಳಿ ಅಂತ.

ಅಂಕಿಗಳನ್ನು ಮಾತ್ರ ಊರಲ್ಲೇ ಕಲಿತು ಹೋಗಿ, ಅರ್ಧ ಗಂಟೆ ಸಾಕು. ಬೆಲೆ ಚೀಟಿ, ರೂಮ್, ಬಸ್ ಎಲ್ಲ ಅದರಲ್ಲೇ ಇರಬಹುದು. ಅವರ ಐದು ನಮ್ಮ ಸೊನ್ನೆಯ ಹಾಗೆ, ಸೊನ್ನೆ ಒಂದು ಚುಕ್ಕೆ, ಆರು ನೋಡಲು ಇಂಗ್ಲಿಷಿನ ಏಳು. ಐವತ್ತನ್ನು ಬರೀ ಸೊನ್ನೆ ಅಂದುಕೊಂಡರೆ ಕಷ್ಟ.

22 ಜನ, ಒಂಬತ್ತು ದಿನ. ಜಗಳ ಆಗಲಿಲ್ಲವಾ?

ಸಣ್ಣಪುಟ್ಟದ್ದು ಆಯಿತು. ಹೊರಡುವ ಮುಂಚೆ ಎಲ್ಲರೂ ಒಂದು ಭಾನುವಾರ ಸೇರಿ ಮಾತಾಡಿದ್ದು ತುಂಬಾ ಸಹಾಯ ಆಯಿತು. ಬಸ್ಸಿನ ಮುಂದಿನ ಸೀಟು ದಿನಾ ಬದಲಾಗಬೇಕು. ಹೇಳಿದ ಹೊತ್ತಿಗೆ ಹತ್ತು ನಿಮಿಷ ಕಾಯುವುದು, ಆಮೇಲೆ ಬಸ್ ಹೊರಡುವುದು. ನಿಧಾನ ನಡೆಯುವವರ ಜೊತೆ ಸರದಿಯಂತೆ ಒಬ್ಬರು ಇರುವುದು. ಈ ಮೂರನೆಯದನ್ನು ಒಬ್ಬ ಕಾಲೇಜು ಹುಡುಗ ಸೂಚಿಸಿದ. ಅವನೇ ಮೂರು ದಿನ ನನ್ನ ಅತ್ತೆಯ ಕೈ ಹಿಡಿದು ನಡೆದ.

ಹೊರಡುವ ಹಿಂದಿನ ದಿನ ಏನು ನೋಡಿಕೊಳ್ಳಬೇಕು?

ಪಾಸ್‌ಪೋರ್ಟ್, ವೀಸಾ, ವಿಮೆಯ ಎರಡು ಜೆರಾಕ್ಸ್, ಒಂದು ಮನೆಯಲ್ಲಿ ಬಿಟ್ಟು ಹೋಗಲು. ಅವುಗಳ ಫೋಟೋ ಫೋನಿನಲ್ಲಿ. ಕೈರೋದ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಯನ್ನು ಅದರ ವೆಬ್‌ಸೈಟಿನಿಂದ ಬರೆದುಕೊಂಡು ಪರ್ಸಿನಲ್ಲಿ, ಫೋನ್ ಕಳೆದುಹೋದರೂ ಇರುವ ಹಾಗೆ. ಗುಂಪಿನ ಇಬ್ಬರ ನಂಬರ್ ಅದರ ಕೆಳಗೆ. ಕೈಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಸೂಟ್‌ಕೇಸ್ ತಡವಾಗಿ ಬಂದರೂ ಒಂದು ದಿನ ನಡೆಯಲಿ. ಆಮೇಲೆ ಔಷಧಿ ಡಬ್ಬಿಯನ್ನು ಇನ್ನೊಮ್ಮೆ ತೆರೆದು, ಪ್ರತಿ ಸ್ಟ್ರಿಪ್ಪಿನ ಹಿಂದೆ ಓದಿ.